ದಾಶಿ ಕೇಳದೆ ಜಪಾನೀ ಊಟಕ್ಕೆ ಕೂರಬೇಡಿ

ಮಾನ್ಯ ಸಂಪಾದಕರೇ,

ದಸರಾ ರಜೆ ಹತ್ತಿರ ಬಂತೆಂದರೆ ಮೈಸೂರು, ಮಂಡ್ಯದಲ್ಲಿ ಬ್ಯಾಂಕಾಕ್ ಪ್ಯಾಕೇಜ್‌ನ ಕರಪತ್ರಗಳು ಓಡಾಡುತ್ತವೆ. ‘ಒಂದು ಹೊತ್ತು ಜಪಾನೀ ಊಟ, ವೆಜ್ ಸಿಗುತ್ತದೆ’ ಎಂಬ ಸಾಲು ಈಚೆಗೆ ಅವುಗಳಲ್ಲಿ ಸೇರಿಕೊಂಡಿದೆ. ಬ್ಯಾಂಕಾಕ್‌ನಲ್ಲಿ ಜಪಾನೀ ಹೋಟೆಲಿಗೆ ಬರವಿಲ್ಲ. ಥಾಯ್ಲೆಂಡಿನಲ್ಲಿ ಒಟ್ಟು 5,000ಕ್ಕೂ ಹೆಚ್ಚಿವೆ. ಸುಖುಮ್‌ವಿತ್ ರಸ್ತೆಯ ಥಾಂಗ್‌ಲೋ, ಫ್ರೋಮ್‌ಪಾಂಗ್ ಕಡೆ ಜಪಾನೀಯರೇ ನೆಲೆಸಿರುವುದರಿಂದ ಅಡುಗೆಯೂ ಅಸಲಿ. ತೊಂದರೆಯಿರುವುದು ಆ ‘ವೆಜ್’ ಎಂಬ ಮಾತಿನಲ್ಲಿ. ಅದನ್ನು ನಂಬಿ ಕೂತ ಸಸ್ಯಾಹಾರಿಗಳು ಗೊತ್ತಿಲ್ಲದೆ ಮೀನಿನ ರಸ ಕುಡಿದು ಬರುತ್ತಾರೆ.

ಅದಕ್ಕೆ ಕಾರಣ ದಾಶಿ ಎಂಬ ಮೂಲ ರಸ. ನಮ್ಮ ಸಾರಿಗೆ ಬೇಳೆಕಟ್ಟು ಹೇಗೋ ಜಪಾನೀ ಅಡುಗೆಗೆ ದಾಶಿ ಹಾಗೆ. ಸಾಮಾನ್ಯವಾಗಿ ಇದನ್ನು ಕೊಂಬು ಎಂಬ ಕಡಲಪಾಚಿ ಮತ್ತು ಕಟ್ಸುವೊಬುಶಿ ಎರಡನ್ನೂ ಹಾಕಿ ತೆಗೆಯುತ್ತಾರೆ. ಕಟ್ಸುವೊಬುಶಿ ಎಂದರೆ ಹೊಗೆ ಹಾಕಿ ಒಣಗಿಸಿ ಕಟ್ಟಿಗೆಯಷ್ಟು ಗಟ್ಟಿಯಾದ ಮೀನನ್ನು ಹೆರೆದ ತೆಳು ಚೂರು. ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಸೂಪಿನಲ್ಲಿ ತೇಲುವುದು ತೋಫು, ಅಂದರೆ ಸೋಯಾ ಪನೀರು, ಮತ್ತು ಈರುಳ್ಳಿ ಸೊಪ್ಪು. ಅಡಿಯಲ್ಲಿರುವುದು ಮೀನಿನ ದಾಶಿ. ಉದಾನ್ ಶಾವಿಗೆ ಬರೀ ಗೋಧಿ, ಉಪ್ಪು, ನೀರು. ಅದರ ರಸ ದಾಶಿ. ನಮ್ಮ ಬಜ್ಜಿಯಂಥ ತರಕಾರಿ ಟೆಂಪುರಾದ ಹಿಟ್ಟಿಗೆ ಮೊಟ್ಟೆ ಬಿದ್ದಿರುತ್ತದೆ, ನಂಚಿಕೊಳ್ಳಲು ಕೊಡುವ ರಸ ಮತ್ತೆ ದಾಶಿಯದು, ಸಿಗಡಿ ಕರಿದ ಎಣ್ಣೆಯಲ್ಲೇ ಬದನೆಕಾಯಿಯನ್ನೂ ಕರಿದಿರುವುದುಂಟು. ಕರಿದ ಅಗೆದಾಶಿ ತೋಫು, ತೋಫು ಚೀಲದಲ್ಲಿ ಅನ್ನ ತುಂಬಿದ ಇನಾರಿ ಸುಶಿ ನೋಡಲು ಸಸ್ಯಾಹಾರವೇ, ಆದರೆ ಅವೂ ಇದೇ ರಸದಲ್ಲಿ ನೆನೆದವು. ‘ವೆಜಿಟಬಲ್ ರಾಮೆನ್’ ಎಂಬ ರಸದ ಶಾವಿಗೆ ಎಂದರೆ ಎಷ್ಟೋ ಕಡೆ ಹಂದಿ ಮೂಳೆಯ ರಸದ ಮೇಲೆ ತರಕಾರಿ ಹರಡಿದ್ದು, ಅಷ್ಟೆ.

‘ಮೀನು ಬೇಡ’ ಎಂದು ಹೇಳಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಹಾಗೆಂದರೆ ಮಾಣಿ ಮೇಲೆ ಉದುರಿಸಿದ ಮೀನಿನ ಚೂರನ್ನಷ್ಟೇ ಬಿಡಿಸಿ ತರುತ್ತಾನೆ. ರಸ ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ತಯಾರಾಗಿರುತ್ತದೆ, ಅದನ್ನು ಬದಲಿಸಲಾಗದು. ಪುಡಿ ಬಳಸುವ ಹೋಟೆಲಾದರೆ ಆ ದಾಶಿ ಪುಡಿಗಳಲ್ಲೂ ಹೆಚ್ಚಿನವಕ್ಕೆ ಮೀನು ಸೇರಿರುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ‘ದಾಶಿ ಯಾವುದರದ್ದು? ಬರೀ ಕೊಂಬುವೇ?’ ಹಿಂದಿನ ದಿನವೇ ಕೇಳಿಸಿದರೆ ಕೆಲವರು ಬೇರೆಯಾಗಿ ಮಾಡಿಕೊಡುತ್ತಾರೆ.

ಉತ್ತರ ಸ್ಪಷ್ಟವಿಲ್ಲದಿದ್ದರೆ ಉಪ್ಪು ಹಾಕಿ ಬೇಯಿಸಿದ ಎದಮಾಮೆ (ಹಸಿ ಸೋಯಾ) ಕಾಯಿ, ಸೌತೆಕಾಯಿಯ ಕಪ್ಪಾ ಮಾಕಿ (ಕಡಲಪಾಚಿಯ ಹಾಳೆಯಲ್ಲಿ ಸುತ್ತಿದ ಅನ್ನದ ಸುರುಳಿ), ಅವಕಾಡೊ ಮಾಕಿ, ಬಿಳಿ ಅನ್ನ ಹೇಳಿ. ತಣ್ಣನೆಯ ತೋಫು, ಸೋಬಾ ಶಾವಿಗೆಯೂ ಆದೀತು. ತೋಫುವಿನ ಮೇಲೆ ಮೀನಿನ ಚೂರು ಹಾಕಬೇಡಿ ಎಂದು ಮೊದಲೇ ಹೇಳಿ, ಅವರು ಕೊಡುವ ರಸ ಬಿಟ್ಟು ಬರೀ ಸೋಯಾ ಸಾಸ್, ವಸಾಬಿ ಕೇಳಿ. ಕ್ಯಾಲಿಫೋರ್ನಿಯಾ ರೋಲ್ ಎಂಬ ಸುಶಿ ಸುರುಳಿಯೊಳಗಿನ ಕೆಂಪು–ಬಿಳಿ ಕಡ್ಡಿ ತರಕಾರಿಯಲ್ಲ, ಮೀನಿನ ಮುದ್ದೆ. ಮದ್ಯ ಮುಟ್ಟದವರು ಮಿರಿನ್, ಸಾಕೆ ಎಂಬ ಅಕ್ಕಿ ಮದ್ಯಗಳ ಬಗ್ಗೆಯೂ ವಿಚಾರಿಸಬೇಕು. ತೆರಿಯಾಕಿಯಂಥ ಸಿಹಿ ಸಾಸುಗಳಿಗೆ ಅವನ್ನು ಹಾಕುತ್ತಾರೆ.

ಥಾಯ್ ಜನರಿಗೆ ‘ಜೇ’ ಎಂದರೆ ತಟ್ಟನೆ ಅರ್ಥವಾಗುತ್ತದೆ. ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಊಟ ಅದು. ಚೀನೀ ಪಂಚಾಂಗದ ಒಂಬತ್ತನೇ ತಿಂಗಳ ಮೊದಲ ಒಂಬತ್ತು ದಿನ ಜೇ ಹಬ್ಬ. ಅನೇಕ ವರ್ಷ ಅದು ನಮ್ಮ ನವರಾತ್ರಿಯ ಜೊತೆಗೇ ಬೀಳುತ್ತದೆ. 2023ರಲ್ಲಿ ಎರಡೂ ಅಕ್ಟೋಬರ್ 15ಕ್ಕೆ ಶುರುವಾದವು. ಆಗ ಊರೆಲ್ಲ ಕೆಂಪಕ್ಷರದ ಹಳದಿ ಬಾವುಟ ಕಟ್ಟಿರುತ್ತಾರೆ. ದಸರಾ ರಜೆಗೆ ಹೋಗುವ ಮಡಿವಂತರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಜಪಾನಿನಲ್ಲೂ ಬೌದ್ಧ ವಿಹಾರಗಳ ಶೋಜಿನ್ ಅಡುಗೆ ನಮ್ಮ ಮಠದ ಅಡುಗೆಯಂತೆ ಈರುಳ್ಳಿ ಬೆಳ್ಳುಳ್ಳಿ ಮುಟ್ಟದು. ಅದರ ದಾಶಿ ಕೊಂಬು ಮತ್ತು ಒಣ ಶಿಟಾಕೆ ಅಣಬೆಯದು. ಇಲ್ಲಿನ ಹೋಟೆಲಿನವರು ಜಪಾನೀ ಸೂಪು ಇಡುವುದಾದರೆ ದಯವಿಟ್ಟು ಇದನ್ನೇ ಮಾಡಲಿ. ಒಂದು ಲೀಟರ್ ನೀರಿಗೆ 10 ಗ್ರಾಂ ಕೊಂಬು. ತೊಳೆಯಬಾರದು, ಮೇಲಿನ ಬಿಳಿ ಪುಡಿಯಲ್ಲೂ ರುಚಿಯಿದೆ. ಬಟ್ಟೆಯಲ್ಲಿ ಒರೆಸಿದರೆ ಸಾಕು. ಅರ್ಧ ಗಂಟೆ ನೆನೆಸಿ ಸಣ್ಣ ಉರಿಯಲ್ಲಿಟ್ಟು, ತಳದಲ್ಲಿ ಗುಳ್ಳೆ ಏಳುತ್ತಿದ್ದಂತೆ ಕೊಂಬು ತೆಗೆಯಬೇಕು. ಕುದಿಸಿದರೆ ಲೋಳೆಯಾಗಿ ಕಹಿ ಬಿಡುತ್ತದೆ. ಅಣಬೆಯನ್ನು ಬಿಸಿನೀರಿಗೆ ಹಾಕದೆ ರಾತ್ರಿಯಿಡೀ ತಣ್ಣೀರಿನಲ್ಲಿ, ಫ್ರಿಜ್‌ನಲ್ಲಿ ನೆನೆಸಿ ಆ ನೀರನ್ನು ಸೇರಿಸಬೇಕು. ಮಿಸೊ, ಲೋಟಕ್ಕೆ ಒಂದು ದೊಡ್ಡ ಚಮಚದಂತೆ, ಒಲೆ ಆರಿಸಿದ ಮೇಲೆ ಕದಡಬೇಕು. ಕುದಿಸಿದರೆ ಘಮ ಹೋಗುತ್ತದೆ. ಮಿಸೊ ಡಬ್ಬಿಯಲ್ಲೇ ದಾಶಿ ಬೆರೆತಿದೆಯೇ ಎಂದು ಚೀಟಿ ಓದಿ ಕೊಳ್ಳಿ.

ಬಿಲ್ಲಿನ ಬಗ್ಗೆ ಒಂದು ಮಾತು. ಬ್ಯಾಂಕಾಕ್‌ನ ಮೆನುವಿನಲ್ಲಿ ಬೆಲೆಯ ಮುಂದೆ ಎರಡು ಕೂಡಿಸು ಗುರುತಿದ್ದರೆ ಶೇ 10 ಸೇವಾ ಶುಲ್ಕ, ಅದರ ಮೇಲೆ ಶೇ 7 ತೆರಿಗೆ ಬೀಳುತ್ತದೆ. 500 ಬಾತ್‌ನ ಊಟಕ್ಕೆ 588.50 ಬಾತ್ ಕೊಡಬೇಕು.

ಟ್ರಾವೆಲ್ಸ್‌ನವರಲ್ಲಿ ನಮ್ಮ ವಿನಂತಿ: ಕರಪತ್ರದಲ್ಲಿ ‘ವೆಜ್’ ಎಂದು ಅಚ್ಚು ಹಾಕಿಸುವ ಮೊದಲು ಆ ಹೋಟೆಲಿನಿಂದ ದಾಶಿ, ಮೊಟ್ಟೆ, ಕರಿಯುವ ಎಣ್ಣೆ, ಈ ಮೂರರ ಬಗ್ಗೆ ಬರಹದಲ್ಲಿ ಉತ್ತರ ಪಡೆಯಿರಿ. ಅದು ಸಿಗದಿದ್ದರೆ ಆ ಹೊತ್ತಿನ ಊಟವನ್ನು ಜೇ ಹೋಟೆಲಿಗೆ ಬದಲಿಸಿ.

– ಅಡುಗೆ ಕಲಿಸುವ ಇಬ್ಬರು ಓದುಗರು, ಮೈಸೂರು