ಗಣಿ ದುಡ್ಡಿನಲ್ಲಿ ಗಣಿ ಓದುವ ಮಕ್ಕಳಿಗೂ ಪಾಲು ಕೊಡಿ

ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದರೆ ಸಾಕು, ಯಾವ ಕೋರ್ಸ್ ಸೇರಬೇಕು, ಯಾವ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬೇಕು ಅಂತ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರುತ್ತದೆ. ಮೆಡಿಕಲ್ ಇರುತ್ತದೆ, ಕಂಪ್ಯೂಟರ್ ಸೈನ್ಸ್ ಇರುತ್ತದೆ, ಈಗ ಎಐ ಕೂಡ ಸೇರಿದೆ. ಮೈನಿಂಗ್ ಎಂಜಿನಿಯರಿಂಗ್, ಭೂವಿಜ್ಞಾನ ಅಂತ ನಾನು ಹುಡುಕಿದ್ದೇ ಬಂತು. ಬೆಂಗಳೂರಿನ ಓದುಗರಿಗೆ ಅದು ಬೇಡದಿರಬಹುದು. ಗಣಿಗಳಿರುವ ಸಂಡೂರು, ಹೊಸಪೇಟೆ, ಹೊಳಲ್ಕೆರೆ, ಚಿಕ್ಕನಾಯಕನಹಳ್ಳಿ, ಲಿಂಗಸುಗೂರು ಕಡೆಯ ಮಕ್ಕಳಿಗೆ ಬೇಕಲ್ವಾ?

ನಾನು ಸಂಡೂರು ತಾಲ್ಲೂಕಿನವನು, ಕಬ್ಬಿಣದ ಅದಿರಿನ ಗಣಿಗಳಲ್ಲಿ ಸರ್ವೇಯರ್ ಆಗಿದ್ದು ನಿವೃತ್ತನಾದವನು. ನಾನು ಕೆಲಸ ಮಾಡಿದ ಗಣಿಗಳಲ್ಲಿ ಟಿಪ್ಪರ್ ಓಡಿಸುವವರು, ವೇಬ್ರಿಜ್‌ನಲ್ಲಿ ಚೀಟಿ ಹರಿಯುವವರು, ಗೇಟು ಕಾಯುವವರು ಎಲ್ಲ ನಮ್ಮ ಹಳ್ಳಿಯವರೇ. ಎಲ್ಲಿ ಬೆಂಚ್ (ಗಣಿಯೊಳಗಿನ ಮೆಟ್ಟಿಲು) ತೆಗೆಯಬೇಕು, ಎಲ್ಲಿ ಬ್ಲಾಸ್ಟ್ ಮಾಡಬೇಕು ಅಂತ ನಿರ್ಧರಿಸುವವರು, ಮ್ಯಾನೇಜರ್ ಕುರ್ಚಿಯಲ್ಲಿ ಕೂರುವವರು ಮಾತ್ರ ಬಹುಪಾಲು ಹೊರಗಿನಿಂದ ಬಂದವರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಓದಿ ಪರೀಕ್ಷೆ ಪಾಸು ಮಾಡಿ ಬಂದಿದ್ದಾರೆ. ಗಣಿಯ ಧೂಳು ಕುಡಿದು ಬೆಳೆದ ನಮ್ಮ ಮಕ್ಕಳು ಯಾಕೆ ಆ ಪರೀಕ್ಷೆವರೆಗೂ ಹೋಗಲಿಲ್ಲ ಅನ್ನುವುದೇ ನನ್ನ ಪ್ರಶ್ನೆ.

ಓದಲು ಜಾಗ ಇಲ್ಲ ಅನ್ನುವಂತಿಲ್ಲ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಮೈನಿಂಗ್ ಬಿ.ಟೆಕ್ ಇದೆ, ಅಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೇ ಮೀಸಲು. ಕಂಪ್ಯೂಟರ್ ಸೈನ್ಸ್‌ಗೆ ಹೋಲಿಸಿದರೆ ಬಹಳ ಹಿಂದಿನ ರ‍್ಯಾಂಕಿಗೂ ಮೈನಿಂಗ್ ಸೀಟು ಸಿಗುತ್ತದೆ. ಕೆಜಿಎಫ್‌ನ ಡಾ. ಟಿ. ತಿಮ್ಮಯ್ಯ ಕಾಲೇಜಿನಲ್ಲಿ ಬಿ.ಇ. ಇದೆ, ಅಲ್ಲೇ ಊರಿಗಾಂನ ಸ್ಕೂಲ್ ಆಫ್ ಮೈನ್ಸ್‌ನಲ್ಲಿ ಡಿಪ್ಲೊಮಾ ಇದೆ. ಭೂವಿಜ್ಞಾನ ಎಂ.ಎಸ್ಸಿ.ಗೆ ಮೈಸೂರು, ಬೆಂಗಳೂರು, ಧಾರವಾಡ ಇವೆ. ಅಷ್ಟು ದೂರ ಯಾಕೆ, ನಮ್ಮ ಸಂಡೂರಿನ ಪಕ್ಕದ ನಂದಿಹಳ್ಳಿಯಲ್ಲೇ ಅದಿರು ಸಂಸ್ಕರಣೆ ಕಲಿಸುವ ವಿಶ್ವವಿದ್ಯಾಲಯದ ಪಿಜಿ ಸೆಂಟರ್ ಇದೆ. ಅದರ ಮುಂದೆ ದಿನಾ ಓಡಾಡುವ ಹುಡುಗರನ್ನು ಒಳಗೆ ಏನು ಕಲಿಸುತ್ತಾರೆ ಅಂತ ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ.

ದುಡ್ಡಿನ ವಿಷಯಕ್ಕೆ ಬರೋಣ. ಇರುವ ಸ್ಕಾಲರ್‌ಶಿಪ್‌ಗಳನ್ನು ಮೊದಲು ಹೇಳಿಬಿಡುತ್ತೇನೆ, ಓದುವ ಅಪ್ಪ ಅಮ್ಮಂದಿರಿಗೆ ಇದಾದರೂ ಉಪಯೋಗವಾಗಲಿ. ಕೇಂದ್ರ ಕಾರ್ಮಿಕ ಇಲಾಖೆಯದು ಒಂದಿದೆ. ಬೀಡಿ ಕಾರ್ಮಿಕರ ಮಕ್ಕಳಿಗೆ ಕೊಡುವ ಯೋಜನೆಯಲ್ಲೇ ಕಬ್ಬಿಣ, ಮ್ಯಾಂಗನೀಸ್, ಕ್ರೋಮ್, ಸುಣ್ಣಕಲ್ಲು, ಡಾಲೊಮೈಟ್ ಗಣಿ ಕಾರ್ಮಿಕರ ಮಕ್ಕಳೂ ಬರುತ್ತಾರೆ, ಎಂಜಿನಿಯರಿಂಗ್‌ನಂಥ ವೃತ್ತಿಪರ ಕೋರ್ಸ್‌ಗೆ ವರ್ಷಕ್ಕೆ 25,000 ರೂಪಾಯಿ. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಹುಡುಗಿಯರಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಪ್ರಗತಿ ಯೋಜನೆ ಇದೆ, ವರ್ಷಕ್ಕೆ 50,000, ಡಿಪ್ಲೊಮಾಕ್ಕೂ ಉಂಟು, ಡಿಗ್ರಿಗೂ ಉಂಟು. ಭೂವಿಜ್ಞಾನ ಅಥವಾ ಜಿಯೊಫಿಸಿಕ್ಸ್ ಎಂ.ಎಸ್ಸಿ. ಮಾಡುವವರಿಗೆ ಒಎನ್‌ಜಿಸಿ ಫೌಂಡೇಷನ್ ವರ್ಷಕ್ಕೆ 48,000 ಕೊಡುತ್ತದೆ. ಎನ್‌ಐಟಿಗಳಲ್ಲಿ ಪರಿಶಿಷ್ಟ ಜಾತಿ ಪಂಗಡದ ಮಕ್ಕಳಿಗೆ ಟ್ಯೂಷನ್ ಫೀ ಇಲ್ಲ. ಬೇರೆಯವರಿಗೂ ಮನೆಯ ಆದಾಯ ವರ್ಷಕ್ಕೆ 1 ಲಕ್ಷದೊಳಗಿದ್ದರೆ ಫೀ ಪೂರ್ತಿ ಮಾಫಿ, 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಇಷ್ಟೆಲ್ಲಾ ಇದ್ದೂ ಯಾಕೆ ಗೋಳು ಅಂತ ಕೇಳಬಹುದು.

ಮೊದಲನೆಯದು, ಕಾರ್ಮಿಕರ ಮಕ್ಕಳ ಯೋಜನೆ ಇರುವುದು ಗಣಿಯಲ್ಲಿ ಕೆಲಸ ಮಾಡುತ್ತೇನೆ ಅಂತ ಕಾಗದ ತೋರಿಸಬಲ್ಲವರಿಗೆ. ನಮ್ಮಲ್ಲಿ ಜಾಸ್ತಿ ಜನ ಗುತ್ತಿಗೆದಾರನ ಕೈಕೆಳಗೆ ಇರುವವರು. ಇವತ್ತು ಈ ಗುತ್ತಿಗೆದಾರ, ಆರು ತಿಂಗಳಿಗೆ ಇನ್ನೊಬ್ಬ. ಟಿಪ್ಪರ್ ಓಡಿಸುವವನಂತೂ ಟಿಪ್ಪರ್ ಮಾಲೀಕನ ಆಳು. ಸರ್ಟಿಫಿಕೇಟ್ ಕೊಡಿ ಅಂದರೆ ನಾಳೆ ಬಾ ಅನ್ನುತ್ತಾರೆ, ನಾಳೆ ಹೋದರೆ ಆ ಆಸಾಮಿಯೇ ಇರುವುದಿಲ್ಲ. ಇನ್ನು ಗಣಿಯಲ್ಲಿ ಕೆಲಸವನ್ನೇ ಮಾಡದೆ, ಹೊಲದ ಮೇಲೆ ಕೆಂಪು ಧೂಳು ಕೂತು ಬೆಳೆ ಕಳೆದುಕೊಂಡ ರೈತನ ಮಗ ಯಾವ ಕಾಗದ ತರಬೇಕು? ಒಎನ್‌ಜಿಸಿಯದು ದೇಶಕ್ಕೆಲ್ಲಾ ಸೇರಿ 2,000 ಸ್ಕಾಲರ್‌ಶಿಪ್, ಅದರಲ್ಲೇ ಎಂಜಿನಿಯರಿಂಗ್, ಎಂಬಿಬಿಎಸ್, ಎಂಬಿಎ ಓದುವವರೂ ಪಾಲುದಾರರು. ಪ್ರಗತಿ ಯೋಜನೆ ತಾಂತ್ರಿಕ ಕೋರ್ಸಿಗೆ ಮಾತ್ರ, ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ತೆಗೆದುಕೊಂಡ ಹುಡುಗಿಗೆ ಅದು ಬರುವುದಿಲ್ಲ.

ಎರಡನೆಯದು, ಈ ಓದಿನಲ್ಲಿ ಫೀ ಒಂದೇ ಖರ್ಚಲ್ಲ. ಭೂವಿಜ್ಞಾನ ಓದುವವರು ಕ್ಲಾಸಿನಲ್ಲಿ ಕೂತು ಪದವಿ ಪಡೆಯಲು ಆಗುವುದಿಲ್ಲ, ಫೀಲ್ಡಿಗೆ ಹೋಗಲೇಬೇಕು. ಬಸ್ಸು, ಊಟ, ಉಳಿಯುವ ಜಾಗ, ಬೂಟು, ಹ್ಯಾಮರ್, ಲೆನ್ಸ್, ಒಳ್ಳೆಯ ಕಂಪಾಸ್ ಬೇಕೆಂದರೆ ಅದಕ್ಕೇ ಸಾವಿರಗಟ್ಟಲೆ. ಮೈನಿಂಗ್‌ನವರಿಗೆ ರಜೆಯಲ್ಲಿ ಗಣಿ ತರಬೇತಿ, ಪ್ರಥಮ ಚಿಕಿತ್ಸೆ ಸರ್ಟಿಫಿಕೇಟ್, ವೈದ್ಯಕೀಯ ತಪಾಸಣೆ. ಡಿಗ್ರಿ ಮುಗಿದ ಮೇಲೂ ಕತೆ ಮುಗಿಯುವುದಿಲ್ಲ. ಗಣಿ ಸುರಕ್ಷತಾ ನಿರ್ದೇಶನಾಲಯದ ಮ್ಯಾನೇಜರ್ ಪರೀಕ್ಷೆ ಬರೆಯಬೇಕಾದರೆ ಗಣಿಯಲ್ಲಿ ಪಳಗಿದ ಅನುಭವ ಬೇಕು, ಆ ಟ್ರೈನಿಂಗ್ ಅವಧಿಯಲ್ಲಿ ಕೈಗೆ ಬರುವುದು ಸ್ಟೈಪೆಂಡ್ ಮಾತ್ರ. ಡಿಗ್ರಿ ಆಯಿತಲ್ಲ, ಇನ್ನು ಮನೆಗೆ ದುಡ್ಡು ಕಳಿಸು ಅನ್ನುವ ಅಪ್ಪನಿಗೆ ಇದನ್ನು ಅರ್ಥ ಮಾಡಿಸುವುದು ಸುಲಭವಲ್ಲ. ಅರ್ಧ ದಾರಿಯಲ್ಲಿ ಬಿಟ್ಟು ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಸೇರಿದವರನ್ನು ನಾನು ಬಲ್ಲೆ.

ಮೂರನೆಯದು, ದುಡ್ಡು ಬರುವ ಹೊತ್ತು. ನಮ್ಮ ಬೀದಿಯ ಹುಡುಗನೊಬ್ಬನಿಗೆ ಸೀಟು ಸಿಕ್ಕಿತು. ಕಾಲೇಜಿನವರು ಮೊದಲು ಫೀ ಕಟ್ಟಿ, ಸ್ಕಾಲರ್‌ಶಿಪ್ ಬಂದಾಗ ವಾಪಸ್ ಕೊಡುತ್ತೇವೆ ಅಂದರು. ಅಪ್ಪ ಟಿಪ್ಪರ್ ಡ್ರೈವರ್. ತಾಯಿಯ ಸ್ವಸಹಾಯ ಸಂಘದಲ್ಲಿ ಒಂದು ಸಾಲ, ಫೈನಾನ್ಸ್‌ನಲ್ಲಿ ಇನ್ನೊಂದು. ಆಧಾರ್‌ಗೆ ಬ್ಯಾಂಕ್ ಖಾತೆ ಜೋಡಣೆ ಆಗಿಲ್ಲ ಅಂತ ಒಮ್ಮೆ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆ ಅಂತ ಇನ್ನೊಮ್ಮೆ, ನಾಡಕಚೇರಿಗೂ ಸೈಬರ್ ಸೆಂಟರ್‌ಗೂ ತಿರುಗಿದ್ದೇ ತಿರುಗಿದ್ದು. ದುಡ್ಡು ಬಂದದ್ದು ಮುಂದಿನ ವರ್ಷದ ಫೀ ಕಟ್ಟುವ ಹೊತ್ತಿಗೆ, ಅಷ್ಟರಲ್ಲಿ ಬಡ್ಡಿ ತಿಂದದ್ದು ಎಷ್ಟು ಅಂತ ಆ ತಾಯಿಗೇ ಗೊತ್ತು. ನೆರವು ಬಂದಿತಾ ಅಂದರೆ ಬಂದಿತು ಅಂತಲೇ ಲೆಕ್ಕದಲ್ಲಿ ಇರುತ್ತದೆ.

ಇದಕ್ಕೆ ಹೊಸ ತೆರಿಗೆ ಹಾಕಬೇಕಿಲ್ಲ. ದುಡ್ಡು ನಮ್ಮ ಜಿಲ್ಲೆಯಲ್ಲೇ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿ ಪ್ರಕಾರ ಗಣಿ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇರಬೇಕು, ಡಿಎಂಎಫ್ ಅಂತ ಎಲ್ಲರೂ ಕರೆಯುವುದು ಇದನ್ನೇ. ಹಳೆಯ ಲೀಸ್‌ನವರು, ಅಂದರೆ ಹರಾಜಿಲ್ಲದೆ ಮೊದಲೇ ಗಣಿ ಪಡೆದವರು, ಸರ್ಕಾರಕ್ಕೆ ಕಟ್ಟುವ ರಾಜಧನದ (ರಾಯಲ್ಟಿ) ಮೇಲೆ ಅದರ ಶೇ 30ರಷ್ಟನ್ನು ಇದಕ್ಕೆ ಕಟ್ಟುತ್ತಾರೆ, ಹರಾಜಿನಲ್ಲಿ ಗಣಿ ಪಡೆದವರು ಶೇ 10. ಕಬ್ಬಿಣದ ಅದಿರಿನ ರಾಜಧನ ಸರಾಸರಿ ಮಾರಾಟ ಬೆಲೆಯ ಶೇ 15. ನಾನು ಸರ್ವೇಯರ್, ಲೆಕ್ಕ ಹಾಕದೆ ಇರಲಾರೆ. ಟನ್‌ಗೆ 3,000 ರೂಪಾಯಿ ಬೆಲೆ ಅಂತ ಇಟ್ಟುಕೊಳ್ಳಿ. ರಾಜಧನ 450, ಹಳೆಯ ಲೀಸ್ ಆದರೆ ಡಿಎಂಎಫ್‌ಗೆ 135. ಒಂದು ಟಿಪ್ಪರ್‌ನಲ್ಲಿ 20 ಟನ್ ಅಂದರೆ 2,700 ರೂಪಾಯಿ. 18 ಟಿಪ್ಪರ್ ಹೋದರೆ ಒಎನ್‌ಜಿಸಿ ಕೊಡುವ 48,000 ಆಗಿಬಿಟ್ಟಿತು! ಹರಾಜಿನ ಗಣಿಯಾದರೆ 54 ಟಿಪ್ಪರ್ ಬೇಕು, ಇರಲಿ. ನಮ್ಮ ಊರ ರಸ್ತೆ ದಾಟಲು ನಿಂತವರನ್ನು ಕೇಳಿ, ಅಷ್ಟು ಟಿಪ್ಪರ್ ಹಾಯಲು ಎಷ್ಟು ಹೊತ್ತು ಬೇಕು ಅಂತ.

ಈ ದುಡ್ಡನ್ನು ಖರ್ಚು ಮಾಡುವ ನಿಯಮದಲ್ಲಿ ಶಿಕ್ಷಣ, ಕೌಶಲ ತರಬೇತಿ ಎರಡೂ ಆದ್ಯತೆಯ ಪಟ್ಟಿಯಲ್ಲೇ ಇವೆ. ಮೊದಲು ಶೇ 60ರಷ್ಟು ಆದ್ಯತಾ ಕ್ಷೇತ್ರಕ್ಕೆ ಅಂತಿತ್ತು, 2024ರಲ್ಲಿ ಅದನ್ನು ಶೇ 70ಕ್ಕೆ ಏರಿಸಿದರು. ಗಣಿಯಿಂದ 15 ಕಿ.ಮೀ. ಒಳಗಿನ ಪ್ರದೇಶ ನೇರವಾಗಿ ಬಾಧಿತ ಅಂತ ಬರೆದಿದ್ದಾರೆ. ಆದರೆ ಶಿಕ್ಷಣ ಅಂದ ಕೂಡಲೇ ನಮ್ಮವರಿಗೆ ಹೊಳೆಯುವುದು ಕಟ್ಟಡ. ಶಾಲೆಗೆ ಕೊಠಡಿ, ಕಾಂಪೌಂಡ್, ಅದರ ಮೇಲೆ ದೊಡ್ಡ ಬೋರ್ಡ್. ಕೊಠಡಿ ಬೇಡ ಅಂತ ನಾನು ಹೇಳುತ್ತಿಲ್ಲ, ಸೋರುವ ಕೊಠಡಿಯಲ್ಲಿ ಓದಿದವನು ನಾನೂ. ಕೊಠಡಿಗೆ ಟೆಂಡರ್ ಇದೆ, ಟೆಂಡರ್‌ಗೆ ಗುತ್ತಿಗೆದಾರ ಇದ್ದಾನೆ, ಉದ್ಘಾಟನೆಗೆ ರಿಬ್ಬನ್ ಇದೆ. ಒಬ್ಬ ಹುಡುಗಿಯ ಫೀಲ್ಡ್ ಟ್ರಿಪ್ ಖರ್ಚಿಗೆ ಯಾರು ರಿಬ್ಬನ್ ಕತ್ತರಿಸುತ್ತಾರೆ ಹೇಳಿ.

ಗಣಿ ಎಷ್ಟು ದಿನ ಇರುತ್ತದೆ, ಅದನ್ನೇ ಓದಿ ಏನು ಮಾಡೋದು ಅಂತ ಕೇಳುವವರಿದ್ದಾರೆ. ನ್ಯಾಯವಾದ ಮಾತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ಸಾಲ ಮಾಡಿದ ಎಷ್ಟು ಮನೆಗಳು ಕುಸಿದವು ಅಂತ ನಾವು ಕಣ್ಣಾರೆ ಕಂಡಿದ್ದೇವೆ. ಕುದುರೆಮುಖದ ಕಬ್ಬಿಣದ ಗಣಿ 2005ರ ಕೊನೆಗೆ ನಿಂತಿತು, ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿಯಲ್ಲಿ. ಆದರೆ ನನ್ನ ಜೊತೆ ಕೆಲಸ ಮಾಡಿದ ಕೆಜಿಎಫ್ ಕಡೆಯ ಗೆಳೆಯರು ಊರಿನ ಗಣಿ ಮುಚ್ಚಿದ ಮೇಲೂ ಕೈಯಲ್ಲಿದ್ದ ಡಿಪ್ಲೊಮಾ ಹಿಡಿದು ಹಟ್ಟಿ ಚಿನ್ನದ ಗಣಿಗೆ, ನಮ್ಮ ಕಡೆಗೆ, ರಾಜಸ್ಥಾನಕ್ಕೆ ಹೋಗಿ ಬದುಕಿದರು. ಡ್ರೈವರ್‌ಗಳಿಗೆ ಆ ಅವಕಾಶ ಇರಲಿಲ್ಲ.

ಭೂವಿಜ್ಞಾನ ಅಂದರೆ ಬರೀ ಅದಿರು ಅಗೆಯುವುದು ಅಂತ ತಿಳಿದವರೂ ಇದ್ದಾರೆ. 2018ರಲ್ಲಿ ಕೊಡಗಿನ ಗುಡ್ಡಗಳು ಜಾರಿದವು, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಮೇಲೇ ಗುಡ್ಡ ಬಿತ್ತು. ಆಗೆಲ್ಲ ಮೊದಲು ನೆನಪಾದದ್ದು ಭೂವಿಜ್ಞಾನಿಗಳು. ಬೋರ್‌ವೆಲ್‌ಗೆ ನೀರು ಎಲ್ಲಿದೆ ಅಂತ ತೆಂಗಿನಕಾಯಿ ಹಿಡಿದು ನಡೆಯುವವರಿಗೆ ಸಾವಿರಾರು ರೂಪಾಯಿ ಕೊಡುವ ನಾವು, ಅದನ್ನೇ ಓದಿದ ಹುಡುಗನಿಗೆ ಕೆಲಸ ಎಲ್ಲಿದೆ ಅಂತ ಕೇಳುತ್ತೇವೆ. ಮಂಡ್ಯದ ಮರಳಗಾಲದಲ್ಲಿ ಲಿಥಿಯಂ ಇದೆ ಅಂತ ಸುದ್ದಿ ಬಂದಾಗ ಎಲ್ಲರಿಗೂ ಖುಷಿಯೋ ಖುಷಿ. ಅದನ್ನು ಹುಡುಕಲು ಬಂಡೆ ಓದಲು ಬರುವವರು ಬೇಕು. ಅಗೆದು ಬಿಟ್ಟ ಗುಂಡಿಗಳನ್ನು ಸರಿಪಡಿಸುವುದಕ್ಕೂ ಇದೇ ಓದು ಬೇಕು, ನಮ್ಮ ಜಿಲ್ಲೆಗಳಲ್ಲಿ ಆ ಕೆಲಸ ಇನ್ನೂ ಒಂದು ತಲೆಮಾರಿಗೆ ಆಗುವಷ್ಟಿದೆ. ನಮ್ಮ ಬಳ್ಳಾರಿಯ ಭೂವಿಜ್ಞಾನವನ್ನು ಬ್ರೂಸ್ ಫುಟ್ ಅನ್ನುವ ಇಂಗ್ಲಿಷ್ ಭೂವಿಜ್ಞಾನಿ ತಿರುಗಾಡಿ ಬರೆದು 1895ರಲ್ಲೇ ಅಚ್ಚಾಯಿತು. ಇಲ್ಲಿಯ ಹುಡುಗರಿಗೆ ತಮ್ಮ ಗುಡ್ಡದ ಕಲ್ಲಿನ ಹೆಸರು ಹೇಳಿಕೊಡಲು ಇನ್ನೂ ಎಷ್ಟು ವರ್ಷ ಬೇಕು?

ಹುಡುಗಿಯರ ವಿಷಯ ಒಂದು ಮಾತು. ಗಣಿಯಲ್ಲಿ ಹೆಣ್ಣುಮಕ್ಕಳನ್ನು ಸೇರಿಸಲ್ಲ ಅಂತ ಇವತ್ತಿಗೂ ಪಿಯು ಕಾಲೇಜಿನ ಮೇಷ್ಟ್ರುಗಳೇ ಹೇಳುವುದನ್ನು ಕೇಳಿದ್ದೇನೆ. 2019ರಲ್ಲೇ ನಿಯಮ ಬದಲಾಗಿದೆ. ತಾಂತ್ರಿಕ ಮತ್ತು ಮೇಲ್ವಿಚಾರಣೆಯ ಹುದ್ದೆಗಳಲ್ಲಿ ಅವರು ಹಗಲು ಹೊತ್ತು ನೆಲದಡಿಯ ಗಣಿಗೂ ಇಳಿಯಬಹುದು, ತೆರೆದ ಗಣಿಯಲ್ಲಿ ರಾತ್ರಿ ಪಾಳಿಯಲ್ಲೂ ಇರಬಹುದು ಅಂತ ಆಗಲೇ ಆಯಿತು. ಒಪ್ಪಿಗೆ ಪತ್ರ ಬೇಕು, ಸುರಕ್ಷತೆಯ ಏರ್ಪಾಡು ಬೇಕು, ಅಷ್ಟೇ.

ನಾನು ಕೇಳುವುದು ಇಷ್ಟು. ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು, ರಾಯಚೂರು ಜಿಲ್ಲಾಧಿಕಾರಿಗಳು ತಮ್ಮ ಡಿಎಂಎಫ್ ವಾರ್ಷಿಕ ಯೋಜನೆಯಲ್ಲಿ ಮೈನಿಂಗ್ ಮತ್ತು ಭೂವಿಜ್ಞಾನ ಓದುವ ಬಾಧಿತ ಹಳ್ಳಿಗಳ ಮಕ್ಕಳಿಗೆ ಅಂತಲೇ ಒಂದು ಪಾಲು ತೆಗೆದಿಡಲಿ. ಡಿಪ್ಲೊಮಾ, ಬಿ.ಎಸ್ಸಿ., ಬಿ.ಇ., ಎಂ.ಎಸ್ಸಿ. ಎಲ್ಲಕ್ಕೂ ಇರಲಿ. ಅಪ್ಪ ಗಣಿ ಕಾರ್ಮಿಕನೇ ಆಗಿರಬೇಕು ಅನ್ನುವ ಷರತ್ತು ಬೇಡ, ಊರು ಆ 15 ಕಿ.ಮೀ. ಒಳಗಿದ್ದರೆ ಸಾಕು. ಶೇ 85 ಅಂಕ ಬೇಕು ಅನ್ನಬೇಡಿ, ಅಷ್ಟು ಬಂದವರು ಹೇಗಿದ್ದರೂ ಬೇರೆ ಕಡೆ ಹೋಗುತ್ತಾರೆ. ಫೀ ನೇರವಾಗಿ ಕಾಲೇಜಿಗೆ, ಅದೂ ಸೀಟು ಸಿಕ್ಕ ವಾರದಲ್ಲೇ ಹೋಗಲಿ. ಫೀಲ್ಡ್ ಖರ್ಚು ಮಗುವಿನ ಖಾತೆಗೆ ಬರಲಿ. ಗಣಿ ಕಂಪನಿಗಳು ಈ ಮಕ್ಕಳಿಗೆ ರಜೆಯಲ್ಲಿ ತರಬೇತಿಗೆ ಜಾಗ ಕೊಡಬೇಕು ಅಂತ ಬರೆಸಿಕೊಳ್ಳಲಿ, ಇವತ್ತು ಅದಕ್ಕೂ ಯಾರದ್ದಾದರೂ ಶಿಫಾರಸು ಬೇಕು. ಡಿಗ್ರಿ ಆದ ಮೇಲಿನ ಟ್ರೈನಿಂಗ್ ವರ್ಷಕ್ಕೂ ಸ್ವಲ್ಪ ಆಸರೆ ಇರಲಿ.

ಯಾರ ಮಕ್ಕಳಿಗೆ ಎಷ್ಟು ಕೊಟ್ಟರು ಅನ್ನುವ ಪಟ್ಟಿಯನ್ನು ಪಂಚಾಯಿತಿ ಬೋರ್ಡಿಗೆ ಅಂಟಿಸಲಿ, ಸುಳ್ಳು ವಿಳಾಸ ಕೊಟ್ಟವರನ್ನು ಊರಿನವರೇ ಹಿಡಿಯುತ್ತಾರೆ. ಸಿಇಟಿ ಸೀಟು ಹಂಚಿಕೆ ಶುರುವಾಗುವ ಮೊದಲೇ ಇದು ಪ್ರಕಟವಾದರೆ ಈ ವರ್ಷದ ಮಕ್ಕಳಿಗೂ ದಕ್ಕುತ್ತದೆ. ಹಾಗೆಯೇ ಅರ್ಜಿ ನಮೂನೆ ಕನ್ನಡದಲ್ಲಿರಲಿ, ಒಂದು ಪುಟ ದಾಟದಿರಲಿ.

ಒಬ್ಬ ನಿವೃತ್ತ ಗಣಿ ಸರ್ವೇಯರ್,
ಸಂಡೂರು ತಾಲ್ಲೂಕು