ಬಿಸಿನೀರು ಸಣ್ಣಗೆ ಬಂದರೆ ಮೊದಲು ಬಕೆಟ್ ಹಿಡಿಯಿರಿ

ಮಾನ್ಯ ಸಂಪಾದಕರೇ,

ಚಳಿ ಶುರುವಾಯಿತೆಂದರೆ ಮನೆಮನೆಯಲ್ಲೂ ಒಂದೇ ದೂರು: ತಣ್ಣೀರು ಜೋರಾಗಿ ಬರುತ್ತದೆ, ಬಿಸಿನೀರು ಮಾತ್ರ ಸಣ್ಣಗೆ. ಕೂಡಲೇ ಸಿಗುವ ಸಲಹೆ ‘ಪ್ರೆಶರ್ ಪಂಪ್ ಹಾಕಿಸಿ’. ಸಾವಿರಾರು ರೂಪಾಯಿ ಸುರಿದ ಮೇಲೂ ಎಷ್ಟೋ ಕಡೆ ತೊಂದರೆ ಹಾಗೇ ಉಳಿಯುತ್ತದೆ. ಒತ್ತಡ ಕಮ್ಮಿಯೋ, ದಾರಿ ಕಟ್ಟಿಕೊಂಡಿದೆಯೋ ಎಂದು ಯಾರೂ ಅಳೆದು ನೋಡಿರುವುದಿಲ್ಲ.

ಓವರ್‌ಹೆಡ್ ಟ್ಯಾಂಕಿನ ನೀರಿಗೆ ಒತ್ತಡ ಬರುವುದು ಎತ್ತರದಿಂದ. ನೀರಿನ ಮಟ್ಟ ನಲ್ಲಿಗಿಂತ 10 ಮೀಟರ್ ಮೇಲಿದ್ದರೆ ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ.; 3 ಮೀಟರ್ ಇದ್ದರೆ 0.3 ಮಾತ್ರ. ಟ್ಯಾಂಕ್ 500 ಲೀಟರಿನದೋ 2,000 ಲೀಟರಿನದೋ ಎಂಬುದು ಲೆಕ್ಕಕ್ಕಿಲ್ಲ. ಗೀಸರ್‌ಗೂ ಅದೇ ಟ್ಯಾಂಕಿನ ನೀರೇ ಇಳಿಯುವುದರಿಂದ ಎರಡೂ ನಲ್ಲಿಗಳ ಒತ್ತಡ ಸಮವಿರಬೇಕು.

10 ಲೀಟರ್ ಬಕೆಟ್ ಇಟ್ಟು, ಬೇರೆ ನಲ್ಲಿಗಳನ್ನೆಲ್ಲ ಮುಚ್ಚಿ, ತಣ್ಣೀರು ತುಂಬಲು ಎಷ್ಟು ಸೆಕೆಂಡ್ ಬೇಕೆಂದು ನೋಡಿ. ಬಳಿಕ ಬಿಸಿನೀರು. ತಣ್ಣೀರಿಗೆ 60 ಸೆಕೆಂಡ್, ಬಿಸಿನೀರಿಗೆ 75 ಆದರೆ ಚಿಂತೆಯಿಲ್ಲ, ಅದರ ದಾರಿ ಉದ್ದ. 150 ಆದರೆ ಎಲ್ಲೋ ಕಟ್ಟಿದೆ. ಎರಡೂ ನಿಧಾನವಾದರೆ ಮಾತ್ರ ಟ್ಯಾಂಕಿನ ಎತ್ತರ, ಮುಖ್ಯ ವಾಲ್ವ್ ನೋಡಬೇಕು. ಒತ್ತಡ ಅಳೆಯುವ ಗೇಜ್ ಇದ್ದರೂ ಮುಚ್ಚಿದ ಲೈನಿನ ಓದಿಗೆ ಮೋಸ ಹೋಗಬೇಡಿ: ಅರ್ಧ ಕಟ್ಟಿದ ಪೈಪ್ ಕೂಡ ನಲ್ಲಿ ಮುಚ್ಚಿದಾಗ ಪೂರ್ತಿ ಒತ್ತಡ ತೋರಿಸುತ್ತದೆ. ಅದೇ ಲೈನಿನ ನಲ್ಲಿ ತಿರುಗಿಸಿದ ಕ್ಷಣ ಮುಳ್ಳು ಎಷ್ಟು ಕುಸಿಯುತ್ತದೆ ಎಂಬುದೇ ಮುಖ್ಯ.

ಹುಡುಕಾಟ ನಲ್ಲಿಯ ತುದಿಯಿಂದ ಶುರುವಾಗಲಿ. ಮೊದಲು ಜಾಲರಿ, ಬಳಿಕ ಬಿಸಿನೀರು-ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ. ಆಮೇಲೆ ಗೀಸರ್‌ಗೆ ಕರೆಂಟ್ ಕೊಡುವ ಸ್ವಿಚ್ (ಎಂಸಿಬಿ) ಇಳಿಸಿ, ನೀರು ತಣಿದ ಮೇಲೆ ಗೀಸರ್‌ಗೆ ನೀರು ಬಿಡುವ ಆ್ಯಂಗಲ್ ಕಾಕ್ ಮುಚ್ಚಿ ಗೀಸರ್‌ನ ಕನೆಕ್ಷನ್ ಪೈಪ್ ಬಿಚ್ಚಿ. ಬೋರ್‌ವೆಲ್ ನೀರಿನ ಊರುಗಳಲ್ಲಿ ಹೆಚ್ಚಾಗಿ ಕೆಡುವುದು ತಣ್ಣೀರು ಒಳಹೋಗುವ ಕಡೆಯ ಸೇಫ್ಟಿ ವಾಲ್ವ್ ಮತ್ತು ಹೊರಬರುವ ಕಡೆಯ ಪೈಪ್. ಗಡಸು ನೀರು ಕಾದಾಗ ಕರಗಿದ ಸುಣ್ಣ ಗಟ್ಟಿಯಾಗಿ ಅಂಟುತ್ತದೆ. ಬಿಚ್ಚಿದ ಪೈಪನ್ನು ನೆಲಕ್ಕೆ ತಟ್ಟಿದರೆ ಮೊಟ್ಟೆಯ ಸಿಪ್ಪೆಯಂಥ ಬಿಳಿ ಚೂರುಗಳು ಉದುರುತ್ತವೆ. ಥರ್ಮೋಸ್ಟಾಟ್ ತುಂಬಾ ಮೇಲಿಟ್ಟಷ್ಟೂ ಇದು ಬೇಗ ಕಟ್ಟುತ್ತದೆ.

ಆ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆಂದು ಬಿರಡೆ ಹಾಕುವವರಿದ್ದಾರೆ. ದಯವಿಟ್ಟು ಬೇಡ. 15 ಲೀಟರ್ ನೀರು 25 ಡಿಗ್ರಿಯಿಂದ 65ಕ್ಕೆ ಕಾದರೆ ಸುಮಾರು ಕಾಲು ಲೀಟರ್ ಹಿಗ್ಗುತ್ತದೆ. ಹಿಂದಕ್ಕೆ ದಾರಿಯಿಲ್ಲದಾಗ ಅದು ಅಲ್ಲಿಂದಲೇ ಹೊರಬರಬೇಕು.

ಸೋಲಾರ್ ಮನೆಗಳ ಕಥೆ ಬೇರೆ. ಅಲ್ಲಿ ಬಿಸಿನೀರು ಉಗುಳಿ ಉಗುಳಿ ಬಂದರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಪೈಪ್ ಎಲ್ಲಿ ಮೇಲಕ್ಕೇರಿ ಇಳಿಯುತ್ತದೋ ಅಲ್ಲಿ ಹುಡುಕಿ. ತಣ್ಣೀರು ಟ್ಯಾಂಕಿನ ತಳ ಸೋಲಾರ್ ಟ್ಯಾಂಕಿನ ತಲೆಗಿಂತ ಮೇಲಿರಲೇಬೇಕು. ತಣ್ಣೀರಿನ ಲೈನಿಗೆ ಮಾತ್ರ ಪಂಪ್ ಹಾಕಿದರೆ, ಮಿಕ್ಸರ್‌ನ ಎರಡೂ ಕಡೆ ತೆರೆದಾಗ ತಣ್ಣೀರು ಬಿಸಿನೀರಿನ ಪೈಪಿಗೇ ನುಗ್ಗಿ ಸೋಲಾರ್ ಟ್ಯಾಂಕ್ ಸೇರುತ್ತದೆ, ತಾರಸಿಯಲ್ಲಿ ಗಾಳಿಯಾಡಲು ತೆರೆದಿಟ್ಟ ಪೈಪಾದ ಏರ್ ವೆಂಟ್‌ನಿಂದ ಸುರಿಯುತ್ತದೆ. ಅದನ್ನು ನಿಲ್ಲಿಸಲು ವೆಂಟ್‌ಗೆ ಎಂಡ್ ಕ್ಯಾಪ್ ಜಡಿದರೆ ಟ್ಯಾಂಕೇ ನೆಗ್ಗಬಹುದು ಇಲ್ಲವೇ ಒಡೆಯಬಹುದು. ಹಾಗೆ ಮುಚ್ಚಿದ ವೆಂಟ್ ನಿಮ್ಮ ತಾರಸಿಯಲ್ಲಿದ್ದರೆ ಇವತ್ತೇ ತೆಗೆಸಿ.

– ಒಬ್ಬ ಪ್ಲಂಬರ್, ತುಮಕೂರು