ಬೀನೋ ಆಲ್ಬಮ್ಮಿನ ಗಿಟಾರ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಸತೀಶ,

ಬೀನೋ ಆಲ್ಬಮ್, ಅಂದರೆ ಜಾನ್ ಮೇಯಲ್‌ನ ಇಂಗ್ಲಿಷ್ ಬ್ಲೂಸ್ ತಂಡ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಜೊತೆ 1966ರಲ್ಲಿ ಮಾಡಿದ ಆಲ್ಬಮ್. ಅದರ ಗಿಟಾರ್ ಸದ್ದು ಬೇಕೆಂದರೆ ಯಾವ ಪೆಡಲ್ (ಗಿಟಾರಿಗೂ ಆಂಪಿಗೂ ನಡುವೆ ಇಟ್ಟು ಕಾಲಿನಿಂದ ಒತ್ತುವ, ಸದ್ದು ಬದಲಿಸುವ ಪುಟ್ಟ ಪೆಟ್ಟಿಗೆ) ಕೊಳ್ಳಲಿ ಎಂದು ಕೇಳಿದ್ದೀಯ. ಅಂಗಡಿಗೆ ಹೋಗುವ ಮೊದಲು ಈ ಪತ್ರವನ್ನು ಪೂರ್ತಿ ಓದು. ಆ ರೆಕಾರ್ಡಿನಲ್ಲಿ ನಿನ್ನನ್ನು ಹಿಡಿದು ನಿಲ್ಲಿಸುವುದು ಪೆಡಲ್ಲಿನ ಸದ್ದಲ್ಲ. ಮಧ್ಯಮ ಗಾತ್ರದ ಒಂದು ವಾಲ್ವ್ ಆಂಪನ್ನು (ಗಾಜಿನ ವಾಲ್ವುಗಳಿಂದ ಗಿಟಾರಿನ ಸದ್ದು ಹೆಚ್ಚಿಸುವ ಪೆಟ್ಟಿಗೆಯನ್ನು) ತಾಳಿಕೊಳ್ಳುವಷ್ಟೂ ದುಡಿಸಿ, ಆ ಜೋರನ್ನು ತಗ್ಗಿಸದೆ ಟೇಪಿಗೆ ಇಳಿಸಿದ್ದರ ಫಲ ಅದು. ಇಂದು ಮಾಮೂಲಿ ಅನಿಸುವ ಈ ಕೆಲಸಕ್ಕೆ 1966ರಲ್ಲಿ ಸ್ಟುಡಿಯೋದೊಳಗೇ ಜಗಳ ಆಡಬೇಕಾಯಿತು.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಎರಿಕ್ ಕ್ಲಾಪ್ಟನ್ 1965ರ ಮಾರ್ಚಿನಲ್ಲಿ ಯಾರ್ಡ್‌ಬರ್ಡ್ಸ್ ತಂಡ ಬಿಟ್ಟ. ಅವರು ಪಾಪ್ ಕಡೆ ವಾಲಿದ್ದು ಅವನಿಗೆ ಹಿಡಿಸಲಿಲ್ಲ. ಮುಂದಿನ ತಿಂಗಳೇ ಜಾನ್ ಮೇಯಲ್ ಅವನನ್ನು ತನ್ನ ಬ್ಲೂಸ್‌ಬ್ರೇಕರ್ಸ್ ತಂಡಕ್ಕೆ ಕರೆದುಕೊಂಡ. ಮೇಯಲ್ ಮೂವತ್ತು ದಾಟಿದವನು, ಆರ್ಗನ್, ಪಿಯಾನೋ, ಹಾರ್ಮೋನಿಕಾ, ಹಾಡುಗಾರಿಕೆ ಎಲ್ಲ ಅವನದೇ. ಬೇಸ್ ಗಿಟಾರಿಗೆ ಜಾನ್ ಮೆಕ್‌ವೀ, ಡ್ರಮ್ಸಿಗೆ ಹ್ಯೂಯಿ ಫ್ಲಿಂಟ್. ಮೊದಲಿಗೆ ಬೀನೋ ಆಲ್ಬಮ್ಮನ್ನು ಲೈವ್ ಆಲ್ಬಮ್ ಮಾಡುವ ಯೋಚನೆಯಿತ್ತು. ಲಂಡನ್ನಿನ ಫ್ಲಮಿಂಗೋ ಕ್ಲಬ್ಬಿನಲ್ಲಿ ಧ್ವನಿಮುದ್ರಣವನ್ನೂ ಮಾಡಿದರು, ಗುಣಮಟ್ಟ ಸಾಲದೆ ಕೈಬಿಟ್ಟರು. ಈ ಸಂಗತಿ ನೆನಪಿಟ್ಟುಕೋ. ಕ್ಲಬ್ಬಿನಲ್ಲಿ ಕೇಳಿಸುತ್ತಿದ್ದದ್ದೇ ರೆಕಾರ್ಡಿನ ತಟ್ಟೆಯಲ್ಲೂ ಕೇಳಿಸಬೇಕೆಂಬ ಹಟ ಕೊನೆಯವರೆಗೂ ಹೋಗಲಿಲ್ಲ.

ಈಗ ಗಿಟಾರಿಗೆ ಬರೋಣ. ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಫ್ರೆಡ್ಡಿ ಕಿಂಗ್‌ನ ಒಂದು ಆಲ್ಬಮ್ಮಿನ ಮುಖಪುಟದಲ್ಲಿ ಅವನ ಕೈಯಲ್ಲಿ ಗಿಬ್ಸನ್ ಲೆಸ್ ಪಾಲ್ ಇದ್ದುದನ್ನು ನೋಡಿ ಕ್ಲಾಪ್ಟನ್ ಅದೇ ಬೇಕೆಂದು ಹೊರಟ. ಫ್ರೆಡ್ಡಿಯದು ಚಿನ್ನದ ಬಣ್ಣದ ಗಿಟಾರ್, ಅದರಲ್ಲಿದ್ದದ್ದು ಒಂದೇ ಸುರುಳಿಯ ಪಿ-90 ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಭಾಗ). ಕ್ಲಾಪ್ಟನ್‌ಗೆ ಲಂಡನ್ನಿನಲ್ಲಿ ಸಿಕ್ಕಿದ್ದು ಸನ್‌ಬರ್ಸ್ಟ್ ಬಣ್ಣದ್ದು, ಎರಡು ಸುರುಳಿಯ ಹಂಬಕರ್ ಇದ್ದದ್ದು. ಆಕಾರ ಒಂದೇ ಆದರೂ ಸ್ವಭಾವ ಬೇರೆ. ಹಂಬಕರ್‌ನಲ್ಲಿ ಕರೆಂಟಿನ ಗುಂಯ್ ಸದ್ದು ಕಡಿಮೆ, ಮಧ್ಯದ ಸ್ವರಗಳು ದಪ್ಪ, ಆಂಪಿನ ಮೊದಲ ವಾಲ್ವಿಗೆ ಹೋಗುವ ಸಿಗ್ನಲ್ಲೂ ಬಲವಾದದ್ದು. ಈ ಮಾದರಿಯ ಗಿಟಾರನ್ನು ಗಿಬ್ಸನ್ 1960ರ ಕೊನೆಗೆ ನಿಲ್ಲಿಸಿ ಅದರ ಜಾಗದಲ್ಲಿ ತೆಳ್ಳಗಿನ ಬೇರೆ ವಿನ್ಯಾಸ ತಂದಿತ್ತು. ಭಾರ ಹೆಚ್ಚು, ಬೆಲೆ ಹೆಚ್ಚು, ಕೊಳ್ಳುವವರು ಕಡಿಮೆ ಇದ್ದ ಗಿಟಾರ್ ಅದು.

ಆಂಪಿನ ವಿಷಯವೇ ನಿನಗೆ ಮುಖ್ಯ, ಅದಕ್ಕೇ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಪಶ್ಚಿಮ ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಜಿಮ್ ಮಾರ್ಷಲ್‌ನ ಅಂಗಡಿ ಇತ್ತು. ಅಮೆರಿಕದ ಫೆಂಡರ್ ಬಾಸ್‌ಮನ್ ಆಂಪಿನ ಸರ್ಕ್ಯೂಟನ್ನೇ ಇಟ್ಟುಕೊಂಡು ಅವನ ಕಡೆಯವರು ಜೆಟಿಎಂ45 ಕಟ್ಟಿದರು. ಆದರೆ ಭಾಗಗಳು ಇಂಗ್ಲೆಂಡಿನಲ್ಲಿ ಸಿಗುವಂಥವು. ಮೊದಲ ಹಂತದಲ್ಲಿ ಬಾಸ್‌ಮನ್‌ನದಕ್ಕಿಂತ ಹೆಚ್ಚು ವರ್ಧಿಸುವ ಇಸಿಸಿ83 ವಾಲ್ವ್, ಕೊನೆಯ ಹಂತದಲ್ಲಿ ಒಂದು ಜೊತೆ ಕೆಟಿ66, ಎಸಿಯನ್ನು ಡಿಸಿ ಮಾಡುವುದಕ್ಕೆ ಜಿಝಡ್34 ವಾಲ್ವ್. ಕ್ಲಾಪ್ಟನ್ ಬಳಿ ಇದ್ದದ್ದು ಇದರದೇ ಕಾಂಬೋ ರೂಪ: ಆಂಪೂ 12 ಇಂಚಿನ ಎರಡು ಸೆಲೆಶ್ಚಿಯನ್ ಸ್ಪೀಕರುಗಳೂ ಒಂದೇ ಪೆಟ್ಟಿಗೆಯಲ್ಲಿ. ಮಾಡೆಲ್ ಸಂಖ್ಯೆ 1962. ಅದು ಕ್ಯಾಟಲಾಗ್ ಸಂಖ್ಯೆ, ತಯಾರಾದ ವರ್ಷವಲ್ಲ. ಹಳೆಯ ಆಂಪ್ ಮಾರುವವರು ಇದರಲ್ಲಿ ಗೊಂದಲ ಮಾಡುತ್ತಾರೆ, ಎಚ್ಚರವಿರಲಿ.

ವಾಲ್ಯೂಮನ್ನು ಪೂರ್ತಿ ಏರಿಸಿದಾಗ ಒಳಗೆ ಆಗುವುದು ಇದು. ಗಟ್ಟಿಯಾಗಿ ತಂತಿ ಮೀಟಿದ ಕ್ಷಣ ಕೆಟಿ66 ವಾಲ್ವುಗಳು ಒಮ್ಮೆಗೇ ತುಂಬ ಕರೆಂಟ್ ಎಳೆಯುತ್ತವೆ. ಜಿಝಡ್34 ಅಷ್ಟು ಬೇಗ ಪೂರೈಸಲಾರದೆ ವೋಲ್ಟೇಜ್ ಕುಸಿಯುತ್ತದೆ. ಆ ಕುಸಿತದಿಂದ ಮೀಟಿನ ಮೊದಲ ಪೆಟ್ಟು ಮೆತ್ತಗಾಗುತ್ತದೆ, ವೋಲ್ಟೇಜ್ ಮರಳುತ್ತಿದ್ದಂತೆ ಸ್ವರ ಮತ್ತೆ ಉಬ್ಬುತ್ತದೆ. ಜೊತೆಗೆ ವಾಲ್ವು ಅಲೆಯ ತುದಿಗಳನ್ನು ದುಂಡಗೆ ಒತ್ತುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಇನ್ನಷ್ಟು ಒತ್ತುತ್ತದೆ, ತಮ್ಮ ಮಿತಿಯ ಹತ್ತಿರ ದುಡಿಯುತ್ತಿರುವ ಸ್ಪೀಕರುಗಳ ಕಾಗದವೂ ತನ್ನದೊಂದು ಒರಟನ್ನು ಸೇರಿಸುತ್ತದೆ. ಇಷ್ಟರ ಮೇಲೆ, ಸ್ಪೀಕರಿನಿಂದ ಹೊರಟ ಗಾಳಿಯ ಒತ್ತಡ ಗಿಟಾರಿನ ಮರಕ್ಕೂ ತಂತಿಗೂ ಬಡಿದು ಅವುಗಳನ್ನು ನಡುಗಿಸುತ್ತಲೇ ಇರುತ್ತದೆ. ಸ್ವರ ಸಾಯದೆ ನಿಲ್ಲುವುದು ಇದರಿಂದ. ಕೊನೆಯ ಈ ಭಾಗವನ್ನು ಹೆಡ್‌ಫೋನಿನಲ್ಲಿ ನುಡಿಸುವವನಿಗೆ ಯಾವ ಯಂತ್ರವೂ ಕೊಡಲಾರದು.

ಗಿಟಾರಿಗೂ ಆಂಪಿಗೂ ನಡುವೆ ಒಂದು ಟ್ರೆಬಲ್ ಬೂಸ್ಟರ್ (ಮೇಲಿನ ಸ್ವರಗಳನ್ನು ಏರಿಸುವ ಸಾಧನ) ಇತ್ತು ಎಂದು ವಾದಿಸುವವರಿದ್ದಾರೆ. ಆ ವಾದ ಇನ್ನೂ ಮುಗಿದಿಲ್ಲ. ಮೇಲೆ ಹೇಳಿದ ಭಾಗಗಳೇ ಆ ಸದ್ದಿಗೆ ಸಾಕು ಎನ್ನುವುದು ನನ್ನ ಅಭಿಪ್ರಾಯ.

1966ರ ವಸಂತದಲ್ಲಿ, ವೆಸ್ಟ್ ಹ್ಯಾಂಪ್‌ಸ್ಟೆಡ್‌ನ ಡೆಕ್ಕಾ ಸ್ಟುಡಿಯೋಗೆ ಈ ಆಂಪ್ ಬಂತು. ನಿರ್ಮಾಪಕ ಮೈಕ್ ವರ್ನನ್‌ಗೆ ಆಗ ಬರೀ 21 ವರ್ಷ, ಕ್ಲಾಪ್ಟನ್‌ಗೂ ಅಷ್ಟೇ. ಎಂಜಿನಿಯರ್ ಗಸ್ ಡಜನ್. ಮುಂದೆ ಎಲ್ಟನ್ ಜಾನ್‌ನ ಹೆಸರಾಂತ ಆಲ್ಬಮ್ಮುಗಳನ್ನು ನಿರ್ಮಿಸಿದವನು ಇವನೇ. ಆಗಿನ ಸ್ಟುಡಿಯೋ ಪದ್ಧತಿ ಏನೆಂದರೆ ಗಿಟಾರ್ ಆಂಪನ್ನು ಸಣ್ಣ ದನಿಯಲ್ಲಿಟ್ಟು, ಮೈಕನ್ನು ಸ್ಪೀಕರಿಗೆ ತಾಗಿಸಿದಂತೆ ಹಿಡಿಯುವುದು. ಒಂದು ವಾದ್ಯದ ಸದ್ದು ಇನ್ನೊಂದರ ಮೈಕಿಗೆ ಬೀಳಬಾರದು, ಮೀಟರಿನ ಮುಳ್ಳು ಕೆಂಪು ದಾಟಬಾರದು. ಕ್ಲಾಪ್ಟನ್ ಎರಡಕ್ಕೂ ಒಪ್ಪಲಿಲ್ಲ. ಕ್ಲಬ್ಬಿನಲ್ಲಿ ನುಡಿಸುವ ವಾಲ್ಯೂಮಿನಲ್ಲೇ ನುಡಿಸುತ್ತೇನೆ, ಮೈಕನ್ನು ಆಂಪಿನಿಂದ ದೂರ ಇಡಿ ಎಂದು ಪಟ್ಟು ಹಿಡಿದ. ಇಂಥ ಸದ್ದನ್ನು ಹಿಡಿಯುವುದು ಹೇಗೆಂದು ಡಜನ್‌ಗೆ ಗಾಬರಿ. ಅವನ ಆತಂಕ ಸುಳ್ಳಲ್ಲ. ಅಷ್ಟು ಜೋರಿನ ಗಿಟಾರ್ ಡ್ರಮ್ಸಿನ ಮೈಕಿಗೂ ಪಿಯಾನೋದ ಮೈಕಿಗೂ ನುಗ್ಗುತ್ತದೆ. ಒಮ್ಮೆ ನುಗ್ಗಿದ ಮೇಲೆ ಮಿಕ್ಸಿಂಗಿನಲ್ಲಿ ಗಿಟಾರನ್ನು ಮಾತ್ರ ತಗ್ಗಿಸುವುದು ಆಗದ ಮಾತು. ಡ್ರಮ್ಸ್ ಏರಿಸಿದರೆ ಗಿಟಾರೂ ಏರುತ್ತದೆ. ವರ್ನನ್ ನಡುವೆ ನಿಂತು ಇಬ್ಬರನ್ನೂ ಸಮಾಧಾನ ಮಾಡಿ ಕೆಲಸ ನಡೆಸಿದ. ಕೆಲವೇ ದಿನಗಳಲ್ಲಿ 12 ಹಾಡು ಮುಗಿದವು. ಆ ರೆಕಾರ್ಡಿನಲ್ಲಿ ಗಿಟಾರಿನ ಸುತ್ತ ಒಂದು ಕೋಣೆಯ ಗಾಳಿ ಕೇಳಿಸುತ್ತದಲ್ಲ, ಮೈಕನ್ನು ದೂರ ಇಟ್ಟದ್ದರ ಗುಣ ಅದು.

‘ಆಲ್ ಯುವರ್ ಲವ್’ ಇದರ ಮೊದಲ ಹಾಡು, ಬ್ಲೂಸ್ ಗಾಯಕ ಓಟಿಸ್ ರಶ್ ಶಿಕಾಗೋದ ಕೋಬ್ರಾ ರೆಕಾರ್ಡ್ ಕಂಪನಿಗೆ 1958ರಲ್ಲಿ ಹಾಡಿದ್ದು. ಎ ಮೈನರ್‌ನಲ್ಲಿ, ಲ್ಯಾಟಿನ್ ಓಟದಲ್ಲಿ ಶುರುವಾಗಿ ನಡುವೆ ತಟಕ್ಕನೆ ಶಫಲ್‌ಗೆ (ಕುಣಿಯುತ್ತ ಸಾಗುವ ಬ್ಲೂಸ್ ಲಯಕ್ಕೆ) ತಿರುಗುತ್ತದೆ, ಮತ್ತೆ ಮೊದಲಿನ ನಡೆಗೆ ಮರಳುತ್ತದೆ. ಆ ತಿರುವಿನಲ್ಲಿ ಕ್ಲಾಪ್ಟನ್ ಎಳೆಯುವ ಗಾಂಧಾರವನ್ನು ಗಮನಿಸು. ಎ ಸ್ವರವನ್ನು ಷಡ್ಜ ಎಂದುಕೊಂಡರೆ ಸಿ ನಮ್ಮ ಸಾಧಾರಣ ಗಾಂಧಾರ, ಸಿ ಶಾರ್ಪ್ ಅಂತರ ಗಾಂಧಾರ. ಬ್ಲೂಸಿನ ಗಾಂಧಾರ ಇವೆರಡರ ನಡುವೆ ಎಲ್ಲೋ ಇದೆ. ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತರುವಂತೆಯೇ ಇದನ್ನೂ ಎಳೆದೇ ಮುಟ್ಟಬೇಕು. ಸಿ ಮೇಲೆ ಬೆರಳಿಟ್ಟು ಸಿ ಶಾರ್ಪಿನವರೆಗೆ ಪೂರ್ತಿ ಎಳೆದುಬಿಟ್ಟರೆ ಸ್ವರ ಶುದ್ಧವಾಗುತ್ತದೆ, ಬ್ಲೂಸ್ ಹೋಗುತ್ತದೆ. ನೀನು ವೀಣೆ ಕೇಳಿ ಬೆಳೆದವನು, ಈ ಅಳತೆ ನಿನ್ನ ಕಿವಿಗೆ ಬೇಗ ದಕ್ಕುತ್ತದೆ.

‘ಹೈಡ್‌ಅವೇ’ ಫ್ರೆಡ್ಡಿ ಕಿಂಗ್‌ನದು, ಇ ಸ್ವರದಲ್ಲಿ, ಮಾತಿಲ್ಲದ ವಾದ್ಯಸಂಗೀತ. ಫ್ರೆಡ್ಡಿ ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ತೋರುಬೆರಳಿಗೆ ಲೋಹದ ಪಿಕ್ ಹಾಕಿಕೊಂಡು ನುಡಿಸುತ್ತಿದ್ದ, ಅದಕ್ಕೇ ಅವನ ಸ್ವರಗಳು ಚಟಚಟ ಬಿಡಿಬಿಡಿ. ಕ್ಲಾಪ್ಟನ್‌ನದು ಮಾಮೂಲಿ ಪಿಕ್, ಜೋರಾದ ಆಂಪ್, ಅದಕ್ಕೆ ಸ್ವರಗಳು ಒಂದಕ್ಕೊಂದು ಅಂಟಿಕೊಂಡು ಹರಿಯುತ್ತವೆ. ಎರಡನ್ನೂ ಬೆನ್ನಿಗೆ ಬೆನ್ನು ಕೇಳು. ಮೂಲ ಕೇಳದೆ ಇದನ್ನಷ್ಟೇ ಕೇಳುವುದು ಓಟಿಸ್‌ಗೂ ಫ್ರೆಡ್ಡಿಗೂ ಮಾಡುವ ಅನ್ಯಾಯ. ಈ ಸಂಗೀತದ ವ್ಯಾಕರಣ ಕಟ್ಟಿದವರು ಅವರು.

ನನ್ನ ಮಟ್ಟಿಗೆ ಶಿಖರವೆಂದರೆ ಮೇಯಲ್ ಬರೆದ ‘ಹ್ಯಾವ್ ಯು ಹರ್ಡ್’. ಸುಮಾರು ಆರು ನಿಮಿಷದ ವಿಳಂಬ ಬ್ಲೂಸ್. ಆರಂಭದಲ್ಲಿ ಅಲನ್ ಸ್ಕಿಡ್‌ಮೋರ್‌ನ ಸ್ಯಾಕ್ಸೊಫೋನ್, ಆಮೇಲೆ ಹಾಡು, ಆಮೇಲೆ ಗಿಟಾರ್ ನುಗ್ಗುತ್ತದೆ. ಆ ಸೋಲೋದಲ್ಲಿ ಒಂದೊಂದು ಸ್ವರವೂ ಒಡೆಯುವ ಅಂಚಿನಲ್ಲಿದೆ, ಆದರೆ ತಾಳ ಎಲ್ಲೂ ತಪ್ಪುವುದಿಲ್ಲ. ‘ರ‍್ಯಾಂಬ್ಲಿನ್ ಆನ್ ಮೈ ಮೈಂಡ್’ ಹಳೆಯ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1936ರಲ್ಲಿ ಹಾಡಿದ್ದು. ಇಲ್ಲಿ ಅದಕ್ಕೆ ಮೇಯಲ್‌ನ ಪಿಯಾನೋ, ಕ್ಲಾಪ್ಟನ್‌ನ ಗಿಟಾರ್ ಮತ್ತು ಹಾಡುಗಾರಿಕೆ ಮಾತ್ರ. ಮುಖ್ಯ ಗಾಯಕನಾಗಿ ಅವನು ರೆಕಾರ್ಡಾದದ್ದು ಇದೇ ಮೊದಲು, ದನಿಯಲ್ಲಿ ಅಳುಕು ಗೊತ್ತಾಗುತ್ತದೆ. ‘ವಾಟ್ಡ್ ಐ ಸೇ’ಯಲ್ಲಿ ಡ್ರಮ್ ಸೋಲೋ ಉದ್ದವಾಯಿತು. ಕ್ಲಬ್ಬಿನಲ್ಲಿ ಕಳೆಕಟ್ಟುತ್ತಿದ್ದಿರಬೇಕು, ತಟ್ಟೆಯಲ್ಲಿ ಓಟಕ್ಕೆ ತಡೆ. ಮೇಯಲ್‌ನ ಕಂಠ ಎಲ್ಲರಿಗೂ ಒಗ್ಗುವಂಥದ್ದಲ್ಲ, ಆದರೆ ‘ಪಾರ್ಚ್‌ಮನ್ ಫಾರ್ಮ್’ನಲ್ಲಿ ಅವನ ಹಾರ್ಮೋನಿಕಾ ನಿಜಕ್ಕೂ ಬಲವಾಗಿದೆ.

ಮುಖಪುಟಕ್ಕೆ ನಾಲ್ವರನ್ನೂ ಗೋಡೆಯ ಮುಂದೆ ಕೂರಿಸಿ ಫೋಟೋ ತೆಗೆದರು. ಕ್ಲಾಪ್ಟನ್ ಕ್ಯಾಮೆರಾ ನೋಡದೆ ‘ಬೀನೋ’ ಎಂಬ ಮಕ್ಕಳ ಚಿತ್ರಕಥೆ ಪತ್ರಿಕೆ ಓದುತ್ತ ಕೂತ. ಆಲ್ಬಮ್ಮಿಗೆ ಜನ ಇಟ್ಟ ಹೆಸರು ಅಲ್ಲಿಂದ ಬಂದದ್ದು. 1966ರ ಜುಲೈ 22ರಂದು ಬಿಡುಗಡೆಯಾಗಿ ಬ್ರಿಟನ್ನಿನ ಆಲ್ಬಮ್ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಏರಿತು. ಶಿಕಾಗೋ ಬ್ಲೂಸ್ ನುಡಿಸುವ ಕ್ಲಬ್ ತಂಡದ ತಟ್ಟೆ ಅಷ್ಟು ಮೇಲೆ ಹೋದದ್ದು ಅಂದಿಗೆ ದೊಡ್ಡ ಮಾತು. ಅಷ್ಟರಲ್ಲಿ ಕ್ಲಾಪ್ಟನ್ ಮೇಯಲ್‌ನನ್ನು ಬಿಟ್ಟು ಜಾಕ್ ಬ್ರೂಸ್, ಜಿಂಜರ್ ಬೇಕರ್ ಜೊತೆ ಕ್ರೀಮ್ ಎಂಬ ತಂಡ ಕಟ್ಟಲು ಹೊರಟಿದ್ದ. ಅವನ ಜಾಗಕ್ಕೆ ಪೀಟರ್ ಗ್ರೀನ್, ಆಮೇಲೆ ಮಿಕ್ ಟೇಲರ್ ಬಂದರು. ಆ ಲೆಸ್ ಪಾಲ್ ಅದೇ ಬೇಸಿಗೆಯಲ್ಲಿ ಕ್ರೀಮ್‌ನ ತಾಲೀಮಿನ ಹೊತ್ತಿಗೆ ಕಳುವಾಯಿತು.

ಜನ ಈ ಆಲ್ಬಮ್ಮನ್ನು ಹೇಗೆ ಸ್ವೀಕರಿಸಿದರು ಎನ್ನುವುದಕ್ಕೆ ಚಾರ್ಟಿಗಿಂತ ಗಟ್ಟಿ ಸಾಕ್ಷಿ ವಾದ್ಯದ ಅಂಗಡಿಗಳಲ್ಲಿದೆ. ಯಾರಿಗೂ ಬೇಡವಾಗಿದ್ದ ಹಳೆಯ ಲೆಸ್ ಪಾಲ್‌ಗಳನ್ನು ಗಿಟಾರಿಸ್ಟರು ಹುಡುಕಿ ಕೊಳ್ಳತೊಡಗಿದರು, ಗಿಬ್ಸನ್ 1968ರಲ್ಲಿ ಆ ಆಕಾರವನ್ನು ಮತ್ತೆ ತಯಾರಿಸಬೇಕಾಯಿತು. ಮಾರ್ಷಲ್ ಕಂಪನಿ 1989ರಲ್ಲಿ 1962 ಕಾಂಬೋವನ್ನು ಮರಳಿ ತಂದಿತು, ಆದರೆ ಕೆಟಿ66 ಬದಲು 5881 ವಾಲ್ವ್ ಹಾಕಿ. ನೋಡಲು ಒಂದೇ, ಸದ್ದು ಅಷ್ಟೇ ದಪ್ಪವಲ್ಲ. 1990ರ ದಶಕದ ಆರಂಭದಲ್ಲಿ ಬ್ಲೂಸ್‌ಬ್ರೇಕರ್ ಹೆಸರಿನ ಪೆಡಲ್ಲನ್ನೂ ಮಾಡಿದರು. ನೀನು ಕೊಳ್ಳಹೊರಟಿರುವುದು ಬಹುಶಃ ಅದರ ಯಾವುದೋ ನಕಲು. ಪೆಡಲ್ ಒಳ್ಳೆಯದೇ, ಆದರೆ ಅದು ಆಂಪಿಗೆ ಹೋಗುವ ಮೊದಲೇ ಸದ್ದನ್ನು ಒಡೆಯುತ್ತದೆ. ನಿನಗೆ ಬೇಕಾದ ಒಡಕು ಆಂಪಿನ ಕೊನೆಯ ಹಂತದ್ದು.

ಹಾಗಾಗಿ ಹೀಗೆ ಮಾಡು. 5ರಿಂದ 15 ವಾಟಿನ ವಾಲ್ವ್ ಆಂಪ್ ತಗೋ. ಗೇನ್ (ಮೊದಲ ಹಂತದ ಜೋರು) ಕಡಿಮೆ ಇಟ್ಟು ಮಾಸ್ಟರ್ ವಾಲ್ಯೂಮ್ ಪೂರ್ತಿ ಏರಿಸು, ಹೆಚ್ಚಿನವರು ತಿರುಗುಮುರುಗು ಮಾಡಿ ಸೊಳ್ಳೆ ಗುಂಯ್‌ಗುಟ್ಟುವ ಸದ್ದು ಪಡೆಯುತ್ತಾರೆ. ಬೇಸ್ ಇಳಿಸು, ಹೆಚ್ಚಾದರೆ ಕೆಳಗಿನ ತಂತಿಗಳು ಕೆಸರಾಗುತ್ತವೆ. ಟ್ರೆಬಲ್ ಏರಿಸು, ಬ್ರಿಜ್ ಪಿಕಪ್ ಬಳಸು, ಗಿಟಾರಿನ ವಾಲ್ಯೂಮ್ ಹಾಡಿನ ಜೊತೆಗೆ 6 ಅಥವಾ 7, ಸೋಲೋಗೆ 10. ಫ್ಲ್ಯಾಟಿನಲ್ಲಿ 15 ವಾಟ್ ಕೂಡ ಅಕ್ಕಪಕ್ಕದವರನ್ನು ಎಬ್ಬಿಸುತ್ತದೆ, ಆಂಪಿಗೂ ಸ್ಪೀಕರಿಗೂ ನಡುವೆ ಅಟೆನ್ಯುಯೇಟರ್ (ಆಂಪಿನ ಬಲವನ್ನು ಹೀರಿಕೊಂಡು ಸದ್ದು ತಗ್ಗಿಸುವ ಪೆಟ್ಟಿಗೆ) ಹಾಕು. ಆಂಪಿನ ಓಮ್ ಸಂಖ್ಯೆಯೂ ಅದರದ್ದೂ ಹೊಂದಬೇಕು, 8ಕ್ಕೆ 8. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ ನುಡಿಸಬೇಡ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಅಮೆರಿಕದಿಂದ ಯಾರಾದರೂ ತಂದುಕೊಟ್ಟ 120 ವೋಲ್ಟಿನ ಆಂಪ್ ಆದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟಿಗೆ ಚುಚ್ಚಲೇಬೇಡ.

ತಂತಿ ತೆಳುವಿರಲಿ, ಮೂರನೆಯದು ಮೇಲೆ ಇನ್ನೊಂದು ತಂತಿ ಸುತ್ತಿಲ್ಲದ್ದೇ ಆಗಬೇಕು, ಸುತ್ತಿದ ತಂತಿ ಎಳೆತಕ್ಕೆ ಬಗ್ಗುವುದಿಲ್ಲ. ಉಂಗುರಬೆರಳಿನಿಂದ ಎಳೆಯುವಾಗ ಹಿಂದಿನ ಎರಡು ಬೆರಳನ್ನೂ ಅದೇ ತಂತಿಯ ಮೇಲಿಟ್ಟು ಬಲ ಕೊಡು. ಕಂಪನ ಮಣಿಕಟ್ಟಿನಿಂದ ಬರಲಿ, ಬೆರಳ ತುದಿಯಿಂದಲ್ಲ, ಬೆರಳಿನಿಂದ ಮಾಡಿದರೆ ನಡುಕದಂತೆ ಕೇಳಿಸುತ್ತದೆ. ಆಲ್ಬಮ್ಮಿನ ಮೋನೋ ಆವೃತ್ತಿಯನ್ನೇ ಕೇಳು. ಮೊದಲು ಹೊರಬಂದದ್ದು ಅದೇ, ಗಿಟಾರೂ ಡ್ರಮ್ಸೂ ಒಂದೇ ಮುದ್ದೆಯಾಗಿ ಎದೆಗೆ ಬಡಿಯುತ್ತವೆ. ‘ಹೈಡ್‌ಅವೇ’ಯ ಮೊದಲ 12 ಬಾರ್ (ತಾಳದ ಆವರ್ತ) ಕೈಗೆ ಕೂತ ಮೇಲೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸು. ಫೋನನ್ನು ಆಂಪಿನ ಮುಂದೆ ಇಡಬೇಡ, ಕೋಣೆಯ ಆ ಕಡೆಯ ಗೋಡೆಯ ಹತ್ತಿರ ಇಡು.

ಇಂತಿ ನಿನ್ನ
ಗೆಳೆಯ